ಆಯಿಲ್ ಸೀಲ್ ಬದಲಾಯಿಸೋ ಮುಂಚೆ ಬೋರ್ ನೋಡ್ರಿ

ಚಳ್ಳಕೆರೆ ಕಡೆ ಎಣ್ಣೆ ಮಿಲ್ಲಿನ ಗೇರ್‌ಬಾಕ್ಸ್ ಒಂದು, ಒಂದೇ ಸೀಸನ್‌ನಾಗೆ ಮೂರು ಆಯಿಲ್ ಸೀಲ್ (ತಿರುಗೋ ಶಾಫ್ಟ್ ಸುತ್ತ ಎಣ್ಣೆ ಸೋರದಂಗೆ ತಡೆಯೋ ಬಳೆ) ತಿಂದಿತ್ತು, ಓನರ್ರು ಪ್ರತಿ ಸಲ ಡೂಪ್ಲಿಕೇಟ್ ಮಾಲು ಅಂತ ಅಂಗಡಿಯವನಿಗೆ ಬೈಯೋರು. ನಾನು ಬಿಚ್ಚಿ ನೋಡಿದ್ರೆ ಲಿಪ್ (ಶಾಫ್ಟ್‌ಗೆ ತಾಗೋ ಒಳಂಚು) ಹೊಸದರಂಗೇ ಐತೆ, ಆದ್ರೆ ಹೊರಮೈ ರಬ್ಬರ್ ಶಾವಿಗೆ ಎಳೆ ಥರ ಸುಲಿದು ಬೋರ್ (ಸೀಲ್ ಕೂರೋ ತೂತು) ಬಾಯಾಗೆ ಸುರುಳಿ ಸುತ್ಕಂಡಿತ್ತು. ಅಂಚಿನಾಗೆ ಬರ್ (ಲೋಹದ ಚೂಪು ಮುಳ್ಳು), ಒಳಗೆ ಹಳೇ ಸೀಲ್ ಮೀಟಿದ ಸ್ಕ್ರೂಡ್ರೈವರ್ ಗೀರು, ಇನ್ನೇನು ಉಳಿತೈತೆ.

ಹಂಗಾಗಿ ಎಣ್ಣೆ ಸೋರಿದ್ರೆ ಮೊದ್ಲು ಸೀಲ್ ಸುತ್ತ ಒರೆಸಿ ಸ್ವಲ್ಪ ಹೊತ್ತು ಓಡಿಸಿ. ಶಾಫ್ಟ್ ಪಕ್ಕದಿಂದ ಎಣ್ಣೆ ಬಂದ್ರೆ ಲಿಪ್ ಇಲ್ಲಾ ಶಾಫ್ಟ್ ತಕರಾರು, ಸೀಲಿನ ಹೊರಸುತ್ತು ಒದ್ದೆ ಆದ್ರೆ ಹೌಸಿಂಗ್ (ಬೋರ್ ಇರೋ ಹೊರಪೆಟ್ಟಿಗೆ) ಕಡೆ ನೋಡ್ಬೇಕು.

ಹಳೇ ಸೀಲ್ ಮೀಟಿ ತೆಗಿಬೇಡಿ, ಮುಖಕ್ಕೆ ಸಣ್ಣ ತೂತು ಹಾಕಿ ಸ್ಕ್ರೂ ತಿರುವಿ ಎಳೀರಿ, ಲೋಹದ ಚೂರು ಒಳಗೆ ಬೀಳ್ದಂಗೆ ಡ್ರಿಲ್ ಮೊನೆಗೆ ಗ್ರೀಸ್ ಹಚ್ಕಳಿ. ಆಮೇಲೆ ಬೋರ್ ಒಳಗೆ ಹತ್ತಿ ಎಳೆದ್ರೆ ಬರ್ ಇದ್ದ ಕಡೆ ಎಳೆ ಸಿಕ್ಕಾಕಂತೈತೆ (ಬೆರಳು ಹಾಕ್ಬೇಡಿ, ನಂದು ಎರಡ್ ಸಲ ಕುಯ್ದೈತೆ). 320 ನಂಬರ್ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ, ಒಳಗೆ ಹೊರಗೆ ಎಳೀಬೇಡಿ, ಉದ್ದುದ್ದ ಬಿದ್ದ ಗೀರು ಎಣ್ಣೆಗೆ ಕಾಲುವೆ ಆಗ್ಬಿಡ್ತೈತೆ.

ಹಂಗಂತ ಕನ್ನಡಿ ಥರ ಪಾಲಿಷ್ ಮಾಡಿದ್ರೂ ಕಷ್ಟ, ರಬ್ಬರ್ ಕಚ್ಕಳಲ್ಲ, ಸೀಲ್ ಜಾರಿ ಹೊರಗೆ ಬರ್ತೈತೆ ಇಲ್ಲಾ ಶಾಫ್ಟ್ ಜೊತೆ ತಿರುಗ್ತೈತೆ. ಲೇತ್‌ಗೆ ಕೊಡೋದಾದ್ರೆ ಎಚ್8 ಟಾಲರೆನ್ಸು (ಬೋರ್ ಅಳತೆ ಎಷ್ಟು ಹೆಚ್ಚಿರಬಹುದು ಅನ್ನೋ ಮಿತಿ), ಬಾಯಿಗೆ 15ರಿಂದ 30 ಡಿಗ್ರಿ ಚೇಂಫರ್ (ಅಂಚಿನ ಇಳಿಜಾರು), ಫಿನಿಶ್ 1.6ರಿಂದ 3.2 ಮೈಕ್ರಾನ್ ಆರ್‌ಎ (ಮೈ ಒರಟಿನ ಸರಾಸರಿ ಅಳತೆ) ಅಂತ ಹೇಳಿ. ಹೊರಗೆ ರಬ್ಬರ್ ಇಲ್ದೆ ಬರೀ ತಗಡಿರೋ ಸೀಲ್ ಆದ್ರೆ ಇನ್ನೂ ನುಣುಪು ಬೇಕು, ಯಾಕಂದ್ರೆ ತಗಡು ಗೀರು ತುಂಬ್ಕಳಲ್ಲ, ಅದಕ್ಕೆ ಬೋರ್‌ಗೆ ತೆಳ್ಳಗೆ ಸೀಲೆಂಟ್ (ಸಂದು ಮುಚ್ಚೋ ಅಂಟು) ಹಚ್ಚಿ, ಲಿಪ್‌ಗೆ ಮಾತ್ರ ತಾಗಬಾರ್ದು. ಆಳದ ಗೀರಿಗೆ ಸೀಲೆಂಟ್ ನಂಬ್ಕಂಡು ಕೂರಬೇಡಿ, ಬೋರ್ ದೊಡ್ಡದು ಮಾಡಿ ಸ್ಲೀವ್ (ಲೋಹದ ತೆಳು ಕೊಳವೆ) ಹಾಕ್ಸಿ.

ಕೂರ್ಸೋವಾಗ ಸೀಲಿನ ಹೊರಸುತ್ತಿನ ಅಳತೆಯ ಪೈಪ್ ತುಂಡು ಇಟ್ಟು ನೇರ ಬಡೀರಿ, ಒಂದೇ ಕಡೆ ಸುತ್ತಿಗೆ ಬಿದ್ರೆ ಸೀಲ್ ಓರೆ ಕೂತು ಒಂದು ಪಕ್ಕದ ರಬ್ಬರ್ ಹರಿತೈತೆ. ಲಿಪ್‌ಗೆ ಚೂರು ಗ್ರೀಸ್. ಶಾಫ್ಟ್ ಮೇಲೆ ಉಗುರು ಎಳೆದು ಸವೆದ ಗೆರೆ ತಾಕಿದ್ರೆ ಅದಕ್ಕೂ ಸ್ಲೀವ್ ಹಾಕಿಸ್ಕಳಿ, ಇಲ್ಲಾಂದ್ರೆ ಈ ಸಲ ಲಿಪ್ ಕಡೆಯಿಂದ ಸೋರ್ತೈತೆ.