ಮುಟ್ಟು ನಿಲ್ಲುವ ವಯಸ್ಸು ಮತ್ತು ಪಿತ್ತಕೋಶದ ಕಲ್ಲು: ಅಡುಗೆಮನೆಯಿಂದ ಆಗುವುದು, ಆಗದಿರುವುದು

ನಲವತ್ತರ ನಡುವಿಗೆ ಬಂದ ಹೆಣ್ಣುಮಕ್ಕಳು ಹೇಳಿಕೊಳ್ಳುವ ತೊಂದರೆಗಳಲ್ಲಿ ಎರಡು ಒಟ್ಟೊಟ್ಟಿಗೇ ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಒಂದು, ಮುಟ್ಟಿನ ಲೆಕ್ಕ ತಪ್ಪುವುದು, ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರುವುದು, ರಾತ್ರಿ ರವಿಕೆ ತೊಯ್ಯುವಷ್ಟು ಬೆವರುವುದು. ಇನ್ನೊಂದು, ಹಬ್ಬದೂಟವನ್ನೋ ಮದುವೆಯೂಟವನ್ನೋ ಮುಗಿಸಿ ಮಲಗಿದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು, ಬೆನ್ನಿಗೂ ಬಲ ಹೆಗಲಿಗೂ ಹಬ್ಬುವ ನೋವು. ಇವೆರಡಕ್ಕೂ ಒಳಗಿನ ನಂಟಿದೆ. ಯಕೃತ್ತು ತಯಾರಿಸುವ ಪಿತ್ತರಸವನ್ನು ಅದರಡಿಯ ಚಿಕ್ಕ ಚೀಲವಾದ ಪಿತ್ತಕೋಶವು ಕೂಡಿಟ್ಟುಕೊಂಡು, ನಾವು ಜಿಡ್ಡಿನ ಪದಾರ್ಥ ತಿಂದಾಗ ಹಿಂಡಿ ಕರುಳಿಗೆ ಬಿಡುತ್ತದೆ. ಹೆಣ್ಣಿನ ದೇಹದ ಈಸ್ಟ್ರೋಜನ್ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿಸುತ್ತದೆ, ಪ್ರೊಜೆಸ್ಟರಾನ್ ಆ ಚೀಲದ ಹಿಂಡುವ ಶಕ್ತಿಯನ್ನು ಸಡಿಲಿಸುತ್ತದೆ. ಆದ್ದರಿಂದಲೇ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಬಸಿರು ಬಾಣಂತನಗಳನ್ನು ಕಂಡವರಲ್ಲಿ ಈ ಕಲ್ಲು ಹೆಚ್ಚು. ಎಳೆಯ ವಯಸ್ಸಿನಲ್ಲಿ ಸದ್ದಿಲ್ಲದೆ ಕೂತಿದ್ದ ಕಲ್ಲು, ಹಾರ್ಮೋನುಗಳು ಏರಿಳಿಯುವ, ಸೊಂಟದ ಸುತ್ತಳತೆಯೂ ಹೆಚ್ಚುವ ಈ ವರ್ಷಗಳಲ್ಲಿ ತನ್ನ ಇರವನ್ನು ತೋರಿಸತೊಡಗುವುದುಂಟು.

ಮೊದಲಿಗೆ ಒಂದು ಗೊಂದಲವನ್ನು ತಿಳಿಯಾಗಿಸಬೇಕು. ‘ಕಲ್ಲು’ ಎಂದು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಬಾಳೆದಿಂಡಿನ ರಸ, ಹುರುಳಿಕಾಳಿನ ಕಟ್ಟು ಎಂದು ಸಲಹೆಗಳು ಬರುತ್ತವೆ. ಇವು ಮೂತ್ರಪಿಂಡದ ಕಲ್ಲಿಗೆಂದು ಹಿಂದಿನಿಂದ ಬಳಕೆಯಲ್ಲಿರುವಂಥವು. ಅಲ್ಲಿನ ಕಲ್ಲೇ ಬೇರೆ, ಇಲ್ಲಿನ ಕಲ್ಲೇ ಬೇರೆ. ನೀವು ಕುಡಿದದ್ದು ಪಿತ್ತಕೋಶದೊಳಗೆ ಹರಿದು ಹೋಗಿ ಅಲ್ಲಿರುವುದನ್ನು ತೊಳೆಯುವುದಿಲ್ಲ. ಹುರುಳಿ ಸಾರು ರುಚಿಯಾದ ಊಟ, ದಿಂಡಿನ ಪಲ್ಯದಲ್ಲಿ ಒಳ್ಳೆಯ ನಾರಿದೆ, ಧಾರಾಳವಾಗಿ ಮಾಡಿಕೊಳ್ಳಿ. ಆದರೆ ಅದನ್ನು ನೆಚ್ಚಿಕೊಂಡು ಸ್ಕ್ಯಾನಿಂಗ್ ಮುಂದೂಡಬೇಡಿ. ಲೋಟದ ತುಂಬ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ರಾತ್ರಿ ಕುಡಿದರೆ ಬೆಳಿಗ್ಗೆ ಕಲ್ಲುಗಳು ಬಿದ್ದುಹೋಗುತ್ತವೆ ಎಂಬ ಮಾತೂ ಈಗ ಓಡಾಡುತ್ತಿದೆ. ಹಾಗೆ ಮಲದಲ್ಲಿ ಕಾಣುವ ಹಸಿರು ಗುಳಿಗೆಗಳು ಕಲ್ಲಲ್ಲ. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾಗಿ ಹೊರಬಂದದ್ದು. ಅಷ್ಟು ಎಣ್ಣೆ ಒಮ್ಮೆಲೇ ಒಳಗೆ ಹೋದಾಗ ಪಿತ್ತಕೋಶ ಬಲವಾಗಿ ಹಿಂಡಿಕೊಳ್ಳುತ್ತದೆ, ಒಳಗೆ ನಿಜವಾದ ಕಲ್ಲಿದ್ದರೆ ಅದು ನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಮನೆಮದ್ದುಗಳಲ್ಲಿ ನಾನು ಖಡಾಖಂಡಿತವಾಗಿ ಬೇಡವೆನ್ನುವುದು ಇದೊಂದನ್ನೇ.

ಹಾಗಾದರೆ ಅಡುಗೆಮನೆಯಿಂದ ಆಗುವುದೇನು? ನೋವು ಕೆರಳದಂತೆ ನೋಡಿಕೊಳ್ಳುವುದು, ಹೊಸ ಕಲ್ಲಿಗೆ ಎಡೆಗೊಡದಿರುವುದು. ಇದರಲ್ಲಿ ಎಣ್ಣೆಯ ಅಳತೆಗಿಂತ ಮೊದಲು ಊಟದ ಹೊತ್ತನ್ನು ಸರಿಪಡಿಸಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಮನೆಗಳ ಹೆಂಗಸರು ಎಲ್ಲರಿಗೂ ಬಡಿಸಿ, ಡಬ್ಬಿ ಕಟ್ಟಿ, ಪೂಜೆ ಮುಗಿಸಿ, ಹನ್ನೊಂದರ ತನಕ ಎರಡು ಲೋಟ ಕಾಫಿಯ ಮೇಲೆ ಇರುತ್ತಾರೆ. ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದರೆ ಪಿತ್ತರಸ ಚೀಲದಲ್ಲೇ ನಿಂತು ಮಂದವಾಗುತ್ತದೆ, ಕಲ್ಲು ಕಟ್ಟುವುದಕ್ಕೆ ಇದು ಅನುಕೂಲ. ಏಕಾದಶಿ, ಸೋಮವಾರ, ಸಂಕಷ್ಟಿ ಎಂದು ಉಪವಾಸ ಹಿಡಿದವರ ಕಷ್ಟ ಇನ್ನೂ ಹೆಚ್ಚು. ಹಗಲೆಲ್ಲ ಏನೂ ತಿನ್ನದೆ, ಸಂಜೆಗೆ ಸಾಬೂದಾನಿ ವಡೆಯನ್ನೋ ಕರಿದ ಬಾಳೆಕಾಯಿಯನ್ನೋ ತಿಂದರೆ, ದಿನವಿಡೀ ತುಂಬಿಕೊಂಡ ಚೀಲಕ್ಕೆ ಒಮ್ಮೆಲೇ ಜಿಡ್ಡಿನ ಪೆಟ್ಟು ಬೀಳುತ್ತದೆ. ವ್ರತ ಬಿಡಿ ಎನ್ನುವುದು ನನ್ನ ಕೆಲಸವಲ್ಲ. ಆದರೆ ಕಲ್ಲಿದೆಯೆಂದು ಗೊತ್ತಾದವರು ಹಾಲು, ಹಣ್ಣು, ಮಜ್ಜಿಗೆ ಎಂದು ಎರಡು ಮೂರು ತಾಸಿಗೊಮ್ಮೆ ಏನನ್ನಾದರೂ ತೆಗೆದುಕೊಂಡು, ಪಾರಣೆಯನ್ನು ಅವಲಕ್ಕಿ, ಹೆಸರುಬೇಳೆ ಕೋಸಂಬರಿಯಂಥ ಹಗುರ ಪದಾರ್ಥದಿಂದ ಮಾಡಿದರೆ ದೇವರೇನೂ ಮುನಿಯುವುದಿಲ್ಲ.

ಇನ್ನು ಎಣ್ಣೆ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವನ್ನು ಬಿಟ್ಟು, ಒಗ್ಗರಣೆಗೆ ಸಣ್ಣ ಚಮಚದಲ್ಲಿ ಅಳೆದು ಹಾಕಿ. ತಿಂಗಳ ಸಾಮಾನಿನ ಪಟ್ಟಿ ಬರೆಯುವಾಗ ತಲೆಗೆ ಅರ್ಧ ಲೀಟರಿನಂತೆ ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು ಮೂರು ಸಣ್ಣ ಚಮಚ ಬರುತ್ತದೆ. ಅಷ್ಟರಲ್ಲಿ ಅಡುಗೆ ರುಚಿಯಾಗಿಯೇ ಆಗುತ್ತದೆ. ಸಾಗುವಿಗೂ ಗೊಜ್ಜಿಗೂ ತೆಂಗಿನಕಾಯಿ ಒಂದು ಹಿಡಿಯ ಬದಲು ಅರ್ಧ ಹಿಡಿ ಹಾಕಿ, ಉಳಿದದ್ದನ್ನು ಹುರಿಗಡಲೆಯಿಂದ ತುಂಬಿಸಿದರೂ ಸಾಂದ್ರತೆ ಕೆಡುವುದಿಲ್ಲ. ಹೋಳಿಗೆಗೆ ತುಪ್ಪ ಬೇಕೇ ಬೇಕೆನ್ನುವವರು ಮಧ್ಯಾಹ್ನ ಒಂದು ಚಮಚ ಹಾಕಿಕೊಂಡು ತಿನ್ನಲಿ, ರಾತ್ರಿಯೂಟಕ್ಕೆ ಬೇಡ. ಆದರೆ ಹೆದರಿಕೆಯಿಂದ ಜಿಡ್ಡನ್ನು ಪೂರ್ತಿ ಬಿಡುವುದೂ ಸರಿಯಲ್ಲ, ಏಕೆಂದರೆ ಸ್ವಲ್ಪವಾದರೂ ಜಿಡ್ಡು ಹೋಗದಿದ್ದರೆ ಪಿತ್ತಕೋಶ ಸರಿಯಾಗಿ ಖಾಲಿಯಾಗುವುದೇ ಇಲ್ಲ. ತೂಕ ಇಳಿಸುವವರಿಗೂ ಇದೇ ಮಾತು: ವಾರಕ್ಕೆ ಅರ್ಧ ಕಿಲೋದಷ್ಟು ಇಳಿದರೆ ಕ್ಷೇಮ, ಮಗಳ ಮದುವೆಗೆಂದು ಹೊಟ್ಟೆ ಕಟ್ಟಿ ಸರಸರನೆ ಇಳಿಸಿಕೊಂಡವರಲ್ಲಿ ಕಲ್ಲು ಹೊಸದಾಗಿ ಹುಟ್ಟುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಪಿತ್ತಕೋಶಕ್ಕೆ ಒಗ್ಗುವ ಊಟವೇ ಬಹುಮಟ್ಟಿಗೆ ಮುಟ್ಟು ನಿಲ್ಲುವ ಕಾಲಕ್ಕೂ ಒಗ್ಗುತ್ತದೆ. ಈಸ್ಟ್ರೋಜನ್ ಇಳಿದಂತೆ ಮೂಳೆ ಸವೆಯತೊಡಗುತ್ತದೆ. ರಾಗಿಯ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಬೆಳಗಿನ ಅಂಬಲಿಯನ್ನೋ ಮಧ್ಯಾಹ್ನದ ಮುದ್ದೆಯನ್ನೋ ಬಿಡಬಾರದು. ಉತ್ತರ ಕರ್ನಾಟಕದವರು ಮಾಡುವ ಅಗಸೆ ಬೀಜದ ಹಿಂಡಿ ಮಲಬದ್ಧತೆಗೆ ಒಳ್ಳೆಯದು. ಬೀಜವನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನೊಂದಿಗೆ ಪುಡಿ ಮಾಡಬೇಕು. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ. ಅಗಸೆಯಿಂದ ಝಳ ನಿಂತೇಹೋಗುತ್ತದೆ ಎಂದು ನಾನು ಹೇಳಲಾರೆ. ಸೋಯಾ ಕಾಳಿನಿಂದ ಕೆಲವರಿಗೆ ಸ್ವಲ್ಪ ತಗ್ಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ.

ಝಳಕ್ಕೆ ಹೆಚ್ಚು ಕೆಲಸ ಮಾಡುವುದು ಬೀಜಗಳಲ್ಲ, ದಿನಚರಿ. ಸಂಜೆಯ ನಂತರ ಕಾಫಿ ಬೇಡ, ರಾತ್ರಿ ಖಾರದ ಸಾರು ಬೇಡ, ನೈಲಾನ್ ನೈಟಿಯ ಬದಲು ತೆಳುವಾದ ಹತ್ತಿಯದು, ಹಾಸಿಗೆಯ ಪಕ್ಕದಲ್ಲಿ ನೀರು ಮತ್ತು ಒಣ ಟವೆಲು. ಝಳ ಏರುವ ಸೂಚನೆ ಸಿಕ್ಕ ಕೂಡಲೇ ಕೂತು, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಬಿಟ್ಟರೆ ಗಾಬರಿಯಾದರೂ ಕಡಿಮೆಯಾಗುತ್ತದೆ. ಮಣ್ಣಿನ ಹೂಜಿಯಲ್ಲಿ ಲಾವಂಚದ ಬೇರು ಹಾಕಿದ ನೀರು, ಕಾಮಕಸ್ತೂರಿ ಬೀಜದ ಪಾನಕ ಬಾಯಿಗೂ ಮನಸ್ಸಿಗೂ ಹಿತ, ಅಷ್ಟಕ್ಕೆ ಸರಿ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಒಂದು ಗುರುತು, ಹೊಟ್ಟೆನೋವು ಬಂದ ದಿನಕ್ಕೆ ಇನ್ನೊಂದು ಗುರುತು ಹಾಕಿಡಿ; ವೈದ್ಯರು ಕೇಳಿದಾಗ ‘ಆಗಾಗ ಬರುತ್ತದೆ’ ಎನ್ನುವುದಕ್ಕಿಂತ ಆ ಹಾಳೆಯೇ ಹೆಚ್ಚು ಹೇಳುತ್ತದೆ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ಮಾತ್ರ ನಿಂತಿತೆಂದು ಲೆಕ್ಕ. ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ, ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿಕೊಳ್ಳಲೇಬೇಕು.

ಸೊಪ್ಪು, ಬೇರು, ಪುಡಿ ಎಂದಾಕ್ಷಣ ಕೆಡುಕಿಲ್ಲವೆಂದು ತಿಳಿಯಬಾರದು. ಸಾರಿಗೆ ಹಾಕುವ ಚಿಟಿಕೆ ಅರಿಸಿನ ಒಂದು, ಅದರ ಸತ್ವ ತುಂಬಿದ ಮಾತ್ರೆ ಇನ್ನೊಂದು. ಅರಿಸಿನ ಪಿತ್ತಕೋಶವನ್ನು ಹಿಂಡಿಸುತ್ತದೆ, ಆದ್ದರಿಂದ ಕಲ್ಲಿರುವವರು ಮಾತ್ರೆ ನುಂಗಬಾರದು. ಅಶ್ವಗಂಧದ ಮಾತ್ರೆಯಿಂದ ಕೆಲವರ ಯಕೃತ್ತಿಗೆ ತೊಂದರೆಯಾದ ಉದಾಹರಣೆಗಳಿವೆ. ಝಳ ತಡೆಯಲಾಗದೆ ವೈದ್ಯರು ಹಾರ್ಮೋನ್ ಚಿಕಿತ್ಸೆ ಹೇಳಿದರೆ, ಪಿತ್ತಕೋಶದಲ್ಲಿ ಕಲ್ಲಿರುವುದನ್ನು ತಪ್ಪದೆ ತಿಳಿಸಿ, ಏಕೆಂದರೆ ನುಂಗುವ ಈಸ್ಟ್ರೋಜನ್ ಮಾತ್ರೆಯಿಂದ ಕಲ್ಲಿನ ತೊಂದರೆ ಹೆಚ್ಚುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿ, ಸವರುವ ಜೆಲ್‌ನಲ್ಲಿ ಆ ಭಯ ಕಡಿಮೆ. ಹೇಳಲು ಸಂಕೋಚಪಡುವ ಒಳಗಿನ ಒಣತನಕ್ಕೂ ಒಳ್ಳೆಯ ಮುಲಾಮುಗಳಿವೆ, ಕೇಳಿದರೆ ಮಾತ್ರ ಸಿಗುತ್ತವೆ.

ಬಲ ಹೆಗಲಿನ ನೋವಿಗೆ ವರ್ಷಗಟ್ಟಲೆ ಮುಲಾಮು ತಿಕ್ಕಿಕೊಂಡು, ಗ್ಯಾಸ್ ಎಂದು ಶುಂಠಿ ಕಷಾಯ ಕುಡಿದು ಸುಮ್ಮನಿರುವವರು ಬಹಳ. ಊಟದ ನಂತರ ಮತ್ತೆ ಮತ್ತೆ ಬರುವ ನೋವಾದರೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಸಾಮಾನ್ಯವಾಗಿ ಅದರಲ್ಲೇ ಗೊತ್ತಾಗುತ್ತದೆ. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾಗಿ ಮಲ ಬಿಳಿಚಿದರೆ, ವಾಂತಿ ನಿಲ್ಲದಿದ್ದರೆ ಅಥವಾ ನೋವು ಕೆಲವು ತಾಸಾದರೂ ಇಳಿಯದಿದ್ದರೆ ಮನೆಯಲ್ಲಿ ಕಾಯಬಾರದು. ಕಲ್ಲು ನಾಳಕ್ಕೆ ಸಿಕ್ಕಿ ಮೇದೋಜೀರಕ ಗ್ರಂಥಿ ಊದಿಕೊಂಡರೆ ಪ್ರಾಣಕ್ಕೇ ಸಂಚಕಾರ. ಮೇಲುಹೊಟ್ಟೆ ನೋವಿನೊಂದಿಗೆ ತಣ್ಣನೆ ಬೆವರು, ಉಸಿರುಕಟ್ಟುವಿಕೆ ಇದ್ದರೆ ಅದು ಝಳವೂ ಅಲ್ಲದೆ ಕಲ್ಲೂ ಅಲ್ಲದೆ ಹೃದಯದ್ದೇ ಇರಬಹುದು, ಆಗ ಮೊದಲು ಇಸಿಜಿ.

ನೋವಿಲ್ಲದೆ ಸ್ಕ್ಯಾನಿಂಗಿನಲ್ಲಿ ಅಕಸ್ಮಾತ್ತಾಗಿ ಕಂಡ ಕಲ್ಲನ್ನು ಎಷ್ಟೋ ಸಲ ಹಾಗೆಯೇ ಬಿಡುತ್ತಾರೆ. ಕಾಡುವ ಕಲ್ಲಿಗೆ ಮಾತ್ರ ಪಿತ್ತಕೋಶವನ್ನೇ ತೆಗೆಸುವುದು ಸರಿಯಾದ ದಾರಿ, ಈಗ ಸಣ್ಣ ರಂಧ್ರಗಳ ಮೂಲಕವೇ ಮುಗಿಯುತ್ತದೆ. ಚೀಲ ಹೋದರೂ ಯಕೃತ್ತು ಪಿತ್ತರಸ ಮಾಡುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಇಳಿಯುವುದರಿಂದ ಮೊದಲ ಕೆಲವು ವಾರ ಭೇದಿಯಾಗಬಹುದು. ಆ ದಿನಗಳಲ್ಲಿ ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು, ಕೆನೆ ತೆಗೆದ ಮಜ್ಜಿಗೆ, ಇಡ್ಲಿ ಇವನ್ನು ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಿ. ಬಾಣಂತಿಗೆ ಕೊಡುವಂತೆ ತುಪ್ಪ ಸುರಿದು ಉಪಚಾರ ಮಾಡುವ ಅತ್ತೆಯರನ್ನು ತುಸು ತಡೆಯಬೇಕಾಗುತ್ತದೆ. ತುಪ್ಪವನ್ನು ತಿಂಗಳು ಕಳೆದ ಮೇಲೆ ಅರ್ಧ ಚಮಚದಿಂದ ಆರಂಭಿಸಿದರಾಯಿತು.