ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಆದರೂ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ
ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬರುವ ಸ್ಪೋರ್ಟ್ಸ್ ಕಾರುಗಳಲ್ಲಿ ನಾನು ಮೊದಲು ನೋಡುವುದು ಬುಷ್‌ಗಳನ್ನು, ಅಂದರೆ ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರಿನ ಭಾಗಗಳನ್ನು. ರಬ್ಬರ್ ಸೀಳಿದ್ದರೆ, ಬಾಲ್ ಜಾಯಿಂಟ್ (ಗುಂಡುಕೀಲು) ಸಡಿಲವಾಗಿದ್ದರೆ ಇಂದು ಹೊಂದಿಸಿದ ಕೋನ ಮೊದಲ ಗುಂಡಿಗೇ ಕೆಡುತ್ತದೆ. ಗಾಳಿಯೊತ್ತಡ ಸರಿಪಡಿಸಿ. ಟೈರಿನಲ್ಲಿ ತಿರುಗುವ ದಿಕ್ಕಿನ ಬಾಣವಿಲ್ಲದಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಎಳೆತವೂ ಇನ್ನೊಂದು ಕಡೆಗೆ ಹೋದರೆ ದೋಷ ಟೈರಿನದು.

ಆಮೇಲೆ ನಾಲ್ಕೂ ಚಕ್ರಗಳ ಅಳತೆ. ಹಿಂದಿನವುಗಳ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮೊದಲು; ಅವು ಓರೆಯಿದ್ದರೆ ಮುಂದಿನದನ್ನು ತಿದ್ದಿದರೂ ನೇರ ರಸ್ತೆಯಲ್ಲಿ ಸ್ಟಿಯರಿಂಗ್ ವಾರೆಯಾಗಿ ನಿಲ್ಲಬಹುದು. ಮುಂದಿನ ಟೋ ಕಟ್ಟಕಡೆಗೆ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ.

ನಮ್ಮ ಉಪ್ಪುಗಾಳಿಗೆ ಹೊಂದಾಣಿಕೆಯ ಬೋಲ್ಟ್‌ಗಳು ತುಕ್ಕು ಹಿಡಿದು ಬುಷ್‌ನೊಳಗೇ ಕಚ್ಚಿಕೊಳ್ಳುತ್ತವೆ. ‘ತಿರುಗುವುದಿಲ್ಲ, ಇಷ್ಟೇ ಸಾಧ್ಯ’ ಎಂಬ ಗ್ಯಾರೇಜಿನವರ ಮಾತನ್ನು ದಯವಿಟ್ಟು ಒಪ್ಪಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ. ಆಗಲೂ ಬಾರದಿದ್ದರೆ ಕತ್ತರಿಸಿ ತೆಗೆದು ಹೊಸ ಬೋಲ್ಟ್, ಬುಷ್ ಹಾಕಿಸಿ.