ಐದು ಸಾಲಿನ ಕಾರ್ಡು: ಬ್ರಿಟನ್ನಿನ ಮನೆಬಾಗಿಲಲ್ಲಿ ಯುರೋಪಿನ ಬಗ್ಗೆ ಕೇಳಿದ ನನ್ನ ಅನುಭವ

ಮನೆಮನೆಗೆ ಹೋಗಿ ಅಭಿಪ್ರಾಯ ಕೇಳುವ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದು, ಪಕ್ಕದ ಮನೆಯ ಬಾಗಿಲು ತಟ್ಟಬಾರದು ಎಂಬುದನ್ನು. ಪಟ್ಟಿಯಲ್ಲಿ ಹದಿನಾಲ್ಕನೇ ನಂಬರಿನ ಮನೆ ಇದ್ದರೆ ಹದಿನಾಲ್ಕೇ. ಅಲ್ಲಿ ಯಾರೂ ಇಲ್ಲ, ಹನ್ನೆರಡನೇ ಮನೆಯ ಅಜ್ಜಿ ತಾವಾಗಿಯೇ ಬಾಗಿಲು ತೆರೆದು ಚಹಾಕ್ಕೆ ಕರೆಯುತ್ತಿದ್ದಾರೆ ಎಂದರೂ ಹೋಗುವಂತಿಲ್ಲ. ವಿಳಾಸಗಳನ್ನು ರಾಯಲ್ ಮೇಲ್‌ನ ಅಂಚೆ ವಿಳಾಸಗಳ ಕಡತದಿಂದ ಚೀಟಿ ಎತ್ತಿದ ಹಾಗೆ ಆರಿಸಿರುತ್ತಾರೆ. ಆ ಮನೆಯಲ್ಲಿ ನಾಲ್ವರು ವಯಸ್ಕರಿದ್ದರೆ ಅವರಲ್ಲಿ ಯಾರನ್ನು ಕೇಳಬೇಕು ಎಂಬುದನ್ನೂ ನಾವು ನಿರ್ಧರಿಸುವುದಿಲ್ಲ, ಲ್ಯಾಪ್‌ಟಾಪ್ ನಿರ್ಧರಿಸುತ್ತದೆ. ರಾಜಕೀಯ ಮಾತಾಡಲು ತುದಿಗಾಲಲ್ಲಿ ನಿಂತಿರುವ ಗಂಡನನ್ನು ಬಿಟ್ಟು, ‘ನನಗೇನು ಗೊತ್ತು, ಅವರನ್ನೇ ಕೇಳಿ’ ಎನ್ನುವ ಹೆಂಡತಿಯನ್ನು ಒಪ್ಪಿಸಿ ಕೂರಿಸಬೇಕು.

ಮೈಸೂರಿನಿಂದ ಬಂದು ಲೆಸ್ಟರ್ ನಗರದಲ್ಲಿ ನೆಲೆಸಿದ ಮೇಲೆ ಒಂದು ಸಮೀಕ್ಷಾ ಸಂಸ್ಥೆಯಲ್ಲಿ ನಾನು ಮಾಡಿದ ಕೆಲಸ ಇದು. ಆಸ್ಪತ್ರೆ, ಪಿಂಚಣಿ, ಶಾಲೆ, ತೆರಿಗೆ ಹೀಗೆ ಹತ್ತಾರು ವಿಷಯಗಳ ನಡುವೆ ಐರೋಪ್ಯ ಒಕ್ಕೂಟದ ಬಗ್ಗೆಯೂ ಒಂದೆರಡು ಪ್ರಶ್ನೆಗಳಿರುತ್ತಿದ್ದವು. ರಜೆಗೆ ಊರಿಗೆ ಹೋದಾಗ ಈಗಲೂ ಜನ ಕೇಳುತ್ತಾರೆ: ಬ್ರಿಟಿಷರು ಯುರೋಪನ್ನು ಅಷ್ಟೊಂದು ದ್ವೇಷಿಸುತ್ತಿದ್ದರೇ? ನಾನು ಕಂಡದ್ದು ದ್ವೇಷವಲ್ಲ, ಪ್ರೀತಿಯೂ ಅಲ್ಲ. ಹೆಚ್ಚಿನವರ ಮನಸ್ಸಿನಲ್ಲಿ ಆ ಪ್ರಶ್ನೆಗೆ ಸಿದ್ಧ ಉತ್ತರವೇ ಇರಲಿಲ್ಲ. ಎಷ್ಟು ಆಯ್ಕೆ ಕೊಟ್ಟೆವು ಎಂಬುದರ ಮೇಲೆ ಉತ್ತರ ರೂಪುಗೊಳ್ಳುತ್ತಿತ್ತು.

ಆಯ್ಕೆಗಳನ್ನು ನಾವು ಬಾಯಲ್ಲಿ ಓದುವುದಕ್ಕಿಂತ ಹೆಚ್ಚಾಗಿ ಕಾರ್ಡಿನಲ್ಲಿ ತೋರಿಸುತ್ತೇವೆ. ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಎಂಬ ದೊಡ್ಡ ವಾರ್ಷಿಕ ಸಮೀಕ್ಷೆ ತೊಂಬತ್ತರ ದಶಕದಿಂದ ಕೇಳುತ್ತ ಬಂದ ಒಂದು ಪ್ರಶ್ನೆಗೆ ಐದು ಸಾಲಿನ ಉತ್ತರಗಳಿವೆ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಬೇಕು; ಒಳಗಿದ್ದು ಒಕ್ಕೂಟದ ಅಧಿಕಾರ ಕಡಿಮೆ ಮಾಡಲು ಯತ್ನಿಸಬೇಕು; ಈಗ ಇರುವಂತೆಯೇ ಬಿಡಬೇಕು; ಒಳಗಿದ್ದು ಅದರ ಅಧಿಕಾರ ಹೆಚ್ಚಿಸಬೇಕು; ಯುರೋಪಿಗೆಲ್ಲ ಒಂದೇ ಸರ್ಕಾರ ಬರುವಂತೆ ದುಡಿಯಬೇಕು. ಇಂಥ ಕಾರ್ಡನ್ನು ಜನ ಹೇಗೆ ಓದುತ್ತಾರೆ ಎಂದು ಎದುರು ಕುಳಿತು ನೋಡುವುದೇ ಒಂದು ಪಾಠ. ಕನ್ನಡಕ ಹಾಕಿಕೊಳ್ಳುತ್ತಾರೆ, ಹೆಬ್ಬೆರಳು ಮೊದಲ ಸಾಲಿನ ಮೇಲೆ ತುಸು ನಿಲ್ಲುತ್ತದೆ, ಎರಡನೆಯದಕ್ಕೆ ಇಳಿಯುತ್ತದೆ, ಕೊನೆಯ ಸಾಲಿನವರೆಗೂ ಹೋಗಿ ಮತ್ತೆ ಎರಡಕ್ಕೇ ವಾಪಸು. ‘ಇದು, ಎರಡನೆಯದು. ಇರೋಣ, ಆದರೆ ಅವರ ಕಾಟ ಕಡಿಮೆಯಾಗಲಿ.’

2015ರಲ್ಲಿ ಆ ಸಮೀಕ್ಷೆಯ ಫಲಿತಾಂಶ ಹೀಗಿತ್ತು: ಬಿಡಬೇಕು ಎಂದವರು ಶೇ 22, ಒಳಗಿದ್ದೇ ಅಧಿಕಾರ ಕಡಿಮೆ ಮಾಡಬೇಕು ಎಂದವರು ಶೇ 43. ಎರಡನ್ನೂ ಕೂಡಿಸಿದರೆ ಮೂವರಲ್ಲಿ ಇಬ್ಬರಿಗೆ ಒಕ್ಕೂಟದ ಮೇಲೆ ಅಸಮಾಧಾನ. ಹಾಗೆಂದು ಹೊರಗೆ ಹೋಗಲು ಸಿದ್ಧರಿದ್ದವರು ಕಾಲು ಭಾಗಕ್ಕೂ ಕಡಿಮೆ. ಒಂದೇ ಕೋಷ್ಟಕದಿಂದ ಎರಡು ಪತ್ರಿಕೆಗಳು ಎರಡು ತದ್ವಿರುದ್ಧ ಶೀರ್ಷಿಕೆ ಬರೆಯಬಹುದಿತ್ತು, ಎರಡೂ ಸುಳ್ಳಾಗುತ್ತಿರಲಿಲ್ಲ.

ಬ್ರೆಕ್ಸಿಟ್, ಅಂದರೆ ಒಕ್ಕೂಟದಿಂದ ಹೊರಬರುವ ವಿಚಾರದ ಜನಮತಗಣನೆ ಬಂದದ್ದು ಎರಡೇ ಸಾಲಿನ ಕಾರ್ಡು ಹಿಡಿದು. ಸರ್ಕಾರ ಮೊದಲು ಯೋಚಿಸಿದ್ದು ‘ಸದಸ್ಯನಾಗಿ ಉಳಿಯಬೇಕೇ’ ಎಂಬ, ಹೌದು–ಅಲ್ಲ ಉತ್ತರದ ಪ್ರಶ್ನೆಯನ್ನು. ಅದು ಯಥಾಸ್ಥಿತಿಯ ಕಡೆ ವಾಲುತ್ತದೆ ಎಂಬ ಆಕ್ಷೇಪವನ್ನು ತೂಗಿ ನೋಡಿದ ಚುನಾವಣಾ ಆಯೋಗ 2015ರ ಸೆಪ್ಟೆಂಬರಿನಲ್ಲಿ ‘ಉಳಿಯಬೇಕೇ ಅಥವಾ ಬಿಡಬೇಕೇ’ ಎಂದು ಬದಲಿಸಲು ಸೂಚಿಸಿತು. ನಮ್ಮ ವೃತ್ತಿಯವರಿಗೆ ಇದು ಸರಿಯೆನಿಸಿತು. ಎರಡೂ ತಟ್ಟೆ ಸಮನಾಗಿ ಇಟ್ಟರು. ಆದರೆ ಆ ಎರಡನೇ ಸಾಲಿನ ಶೇ 43 ಜನರಿಗೆ ಅಲ್ಲಿ ಜಾಗವೇ ಇರಲಿಲ್ಲ. 2016ರ ಜೂನ್ 23ಕ್ಕೆ ಮೊದಲಿನ ವಾರಗಳಲ್ಲಿ ನಡೆದ ಪ್ರಚಾರವೆಲ್ಲ, ನನ್ನ ಲೆಕ್ಕದಲ್ಲಿ, ಅವರನ್ನು ಈಚೆಗೋ ಆಚೆಗೋ ಎಳೆಯುವ ಜಗ್ಗಾಟ. ಕೊನೆಗೆ ಬಿಡಬೇಕು ಶೇ 51.9, ಉಳಿಯಬೇಕು ಶೇ 48.1, ಮತದಾನ ಶೇ 72.2. ಇಂಗ್ಲೆಂಡ್, ವೇಲ್ಸ್ ಬಿಡುವ ಕಡೆ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಉಳಿಯುವ ಕಡೆ.

ವಯಸ್ಸಾದವರ ಮನೆಗಳಲ್ಲಿ 1975ರ ನೆನಪು ತಾನಾಗಿ ಹೊರಬರುತ್ತಿತ್ತು. ಆಗಲೂ ಇದೇ ವಿಷಯಕ್ಕೆ, ಒಕ್ಕೂಟದ ಹಿಂದಿನ ರೂಪವಾದ ‘ಕಾಮನ್ ಮಾರ್ಕೆಟ್’ನಲ್ಲಿ ಉಳಿಯಬೇಕೇ ಎಂದು, ಜನಮತಗಣನೆ ನಡೆದಿತ್ತು, ಸದಸ್ಯತ್ವಕ್ಕೆ ಎರಡು ವರ್ಷ ತುಂಬಿತ್ತಷ್ಟೆ. ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸದಸ್ಯತ್ವದ ಷರತ್ತುಗಳ ಮರುಮಾತುಕತೆ ಮುಗಿಸುವ ಮೊದಲು ಸಮೀಕ್ಷೆಗಳಲ್ಲಿ ಹೊರಬರಬೇಕು ಎನ್ನುವವರೇ ಮುಂದಿದ್ದರು. ಜೂನ್ ಬರುವಷ್ಟರಲ್ಲಿ ಶೇ 67ರಷ್ಟು ಮತದಾರರು ಉಳಿಯೋಣ ಎಂದರು. ಕನ್ಸರ್ವೇಟಿವ್ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಒಂಬತ್ತು ಸದಸ್ಯ ದೇಶಗಳ ಬಾವುಟವಿದ್ದ ಸ್ವೆಟರ್ ತೊಟ್ಟು ಉಳಿಯುವ ಪರ ಪ್ರಚಾರ ಮಾಡಿದ್ದರು. ಎದುರು ಪಾಳಯದಲ್ಲಿ ಲೇಬರ್ ಪಕ್ಷದ ಎಡಪಂಥೀಯ ಟೋನಿ ಬೆನ್ ಇದ್ದರು. ಮುಂದೆ ಎರಡೂ ಪಕ್ಷಗಳು ಜಾಗ ಅದಲುಬದಲು ಮಾಡಿಕೊಂಡವು. ‘ನಾನು ಓಟು ಹಾಕಿದ್ದು ವ್ಯಾಪಾರದ ಮಾರುಕಟ್ಟೆಗೆ, ಸಂಸತ್ತಿಗಲ್ಲ’ ಎಂಬ ಮಾತನ್ನು ನಾನು ಹಲವು ಬಾರಿ ಕೇಳಿದ್ದೇನೆ. ಅದು ಸರಿಯೇ ತಪ್ಪೇ ಎಂದು ಹೇಳುವುದು ನನ್ನ ಕೆಲಸವಲ್ಲ. ತಲೆಯಾಡಿಸಿದರೂ ತಪ್ಪು, ಮುಂದಿನ ಉತ್ತರ ಆ ತಲೆಯಾಟಕ್ಕೆ ತಕ್ಕಂತೆ ಬಾಗುತ್ತದೆ.

ಈ ಮುಖಭಾವದ ಶಿಸ್ತು ಬಾಸ್ಟನ್ನಿನಲ್ಲಿ ನನಗೆ ಹೆಚ್ಚು ಬೇಕಾಯಿತು. ಅಮೆರಿಕದ್ದಲ್ಲ, ಅದಕ್ಕೆ ಹೆಸರು ಕೊಟ್ಟ ಲಿಂಕನ್‌ಶೈರಿನ ಹಳೆಯ ಊರು. ಸುತ್ತ ಚಪ್ಪಟೆ ನೆಲ, ಕೋಸು ಆಲೂಗೆಡ್ಡೆಯ ಹೊಲಗಳು, ತರಕಾರಿ ಪ್ಯಾಕ್ ಮಾಡುವ ಶೆಡ್ಡುಗಳು. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಒಕ್ಕೂಟ ಸೇರಿದಾಗ ಮೊದಲ ದಿನದಿಂದಲೇ ಅಲ್ಲಿನ ಕೆಲಸಗಾರರಿಗೆ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ವರ್ಷಕ್ಕೆ ಹೆಚ್ಚೆಂದರೆ 13,000 ಜನ ಬಂದಾರು ಎಂಬ ಅಂದಾಜು ಆಗ ಓಡಾಡಿತ್ತು; ಬಂದವರು ಅದರ ಎಷ್ಟೋ ಪಟ್ಟು. ಅವರಲ್ಲಿ ಹಲವರು ಬಾಸ್ಟನ್ನಿನ ಹೊಲಗಳಿಗೆ ಬಂದರು. 2016ರಲ್ಲಿ ಈ ಊರು ಶೇ 75.6ರಷ್ಟು ಮತವನ್ನು ಬಿಡುವುದಕ್ಕೆ ಹಾಕಿತು, ಇಡೀ ದೇಶದಲ್ಲೇ ಅತಿ ಹೆಚ್ಚು.

ಅಲ್ಲಿ ಒಬ್ಬ ನಿವೃತ್ತ ಮಹಿಳೆಗೆ ಯುರೋಪಿನ ಪ್ರಶ್ನೆ ಹಾಕಿದೆ. ಆಕೆ ಕಾರ್ಡನ್ನು ಮೇಜಿನ ಮೇಲೆ ಮಗುಚಿಟ್ಟು ಬೈಪಾಸಿನ ಬಗ್ಗೆ ಹೇಳತೊಡಗಿದರು. ಊರಿನ ನಡುವೆ ಲಾರಿಗಳ ಸಾಲು, ವರ್ಷಗಳಿಂದ ಕೇಳುತ್ತಿದ್ದರೂ ಬೈಪಾಸ್ ರಸ್ತೆ ಬರಲಿಲ್ಲ, ವೈದ್ಯರ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ, ಒಂದೊಂದು ಮನೆಯನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುತ್ತಾರೆ. ಇದು ಹಾಸ್ಯದ ಮಾತಲ್ಲ: 2007ರಲ್ಲಿ ಬೈಪಾಸಿನ ಬೇಡಿಕೆಯೊಂದನ್ನೇ ಹಿಡಿದು ನಿಂತ ಸ್ಥಳೀಯ ಪಕ್ಷವೊಂದು ಅಲ್ಲಿನ ಪುರಸಭೆಯನ್ನು ಗೆದ್ದಿತ್ತು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕಾರ್ಡನ್ನು ನೆಟ್ಟಗೆ ತಿರುಗಿಸಿ, ಪ್ರಶ್ನೆಯನ್ನು ಒಂದು ಪದವೂ ಬದಲಿಸದೆ ಮತ್ತೆ ಓದಿದೆ. ‘ಮೊದಲನೆಯದು’ ಎಂದರು. ಕೋಷ್ಟಕಕ್ಕೆ ಹೋದದ್ದು ಆ ಒಂದು ಅಂಕಿ, ಲಾರಿಗಳು ಹೋಗಲಿಲ್ಲ.

ಇನ್ನೊಂದು ತೊಡಕು ನನ್ನ ಚರ್ಮದ ಬಣ್ಣ. ವಲಸೆಯ ಪ್ರಶ್ನೆ ಬಂದ ಕೂಡಲೇ ಸಭ್ಯರ ಧ್ವನಿ ತಗ್ಗುತ್ತದೆ. ‘ನಿಮ್ಮನ್ನು ಹೇಳುತ್ತಿಲ್ಲ, ಮಿ ಡಕ್’ ಎನ್ನುತ್ತಾರೆ, ಈ ಸೀಮೆಯ ಅಕ್ಕರೆಯ ಸಂಬೋಧನೆ ಅದು. ಎದುರಿಗಿರುವವಳಿಗೆ ನೋವಾಗಬಾರದೆಂದು ಉತ್ತರವನ್ನು ಒಂದು ಮೆಟ್ಟಿಲು ಮೆದು ಮಾಡುತ್ತಾರೆ. ಒಳ್ಳೆಯ ಮನುಷ್ಯರು, ಆದರೆ ಮಾಹಿತಿಗೆ ಅದು ಕೆಡುಕು. ಇದಕ್ಕೆ ನಾವು ಮಾಡುವುದು ಸರಳ: ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ನೀವೇ ಒತ್ತಿ, ನಾನು ನೋಡುವುದಿಲ್ಲ ಎಂದು ಹೇಳಿ ಚೀಲದಲ್ಲಿ ಏನನ್ನೋ ಹುಡುಕುತ್ತ ಕೂರುವುದು. ಅದಾದ ಮೇಲೆ ಕಾಯುವ ಕಲೆ. ‘ಗೊತ್ತಿಲ್ಲ’ ಎಂಬುದು ಕಾರ್ಡಿನಲ್ಲಿ ಇರುವುದಿಲ್ಲ, ನಾವು ಓದುವುದೂ ಇಲ್ಲ. ಅವರಾಗಿ ಹೇಳಿದರೆ ಮಾತ್ರ ಗುರುತು ಹಾಕುತ್ತೇವೆ. ಬಹಳ ಮಂದಿ ಮೊದಲು ಗೊತ್ತಿಲ್ಲ ಎಂದು, ಸುಮ್ಮನಿದ್ದರೆ ತುಸು ಹೊತ್ತಿನ ಮೇಲೆ ಉತ್ತರ ಕೊಡುತ್ತಾರೆ.

ಲೆಸ್ಟರಿಗೆ ಬಂದರೆ ಚಿತ್ರವೇ ಬೇರೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದ ಗುಜರಾತಿ ಕುಟುಂಬಗಳಲ್ಲಿ ಬಹಳಷ್ಟು ಇಲ್ಲಿ ನೆಲೆಸಿದವು. ಈ ನಗರ ಶೇ 51.1ರಷ್ಟು ಉಳಿಯುವ ಕಡೆ ನಿಂತಿತು. ಅಂದರೆ ಭಾರತೀಯ ಅಂಗಡಿಗಳ ಬೆಲ್‌ಗ್ರೇವ್ ರಸ್ತೆಯಲ್ಲಿ ಎಲ್ಲರೂ ಒಂದೇ ಮಾತಾಡಿದರು ಎಂದಲ್ಲ. ಪೋಲೆಂಡಿನವರು ವೀಸಾ ಇಲ್ಲದೆ ಬರಬಹುದು, ನಮ್ಮ ಹೋಟೆಲಿಗೆ ಅಡುಗೆಯವರನ್ನು ಕರೆಸಲು ಮಾತ್ರ ನೂರು ಅಡ್ಡಿ ಎಂಬ ಸಿಟ್ಟು ನಿಜವಾಗಿಯೂ ಇತ್ತು. ಬಿಡುವ ಪರವಿದ್ದ ಕನ್ಸರ್ವೇಟಿವ್ ಸಚಿವೆ ಪ್ರೀತಿ ಪಟೇಲ್ ಮುಂತಾದವರು ಕರಿ ಹೋಟೆಲುಗಳನ್ನು ಉಳಿಸಿ ಎಂದು ಅದನ್ನೇ ಪ್ರಚಾರದ ಮಾತಾಗಿಸಿದ್ದರು.

ಕನ್ನಡಿಗರಿಗೂ ಆ ದಿನ ಮತವಿತ್ತು ಎಂಬುದು ಊರಲ್ಲಿ ಹಲವರಿಗೆ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸವಿದ್ದು ಹೆಸರು ನೋಂದಾಯಿಸಿದ್ದರೆ ಸಾಕು, ಮತ ಹಾಕಬಹುದು. ಹೀಗಾಗಿ ಕೆಲಸದ ವೀಸಾದ ಮೇಲೆ ಬಂದ ಬೆಂಗಳೂರಿನ ಇಂಜಿನಿಯರ್ ಮತ ಹಾಕಿದ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದ ಅವನ ಜರ್ಮನ್ ಮೇಲಧಿಕಾರಿಗೆ ಮತವಿರಲಿಲ್ಲ. ಯುಗಾದಿ ಊಟದ ದಿನ ಅಂಥ ಹುಡುಗನೊಬ್ಬ ಕೇಳಿದ: ‘ಅಕ್ಕ, ನೀವು ದಿನವೂ ಜನರನ್ನು ಕೇಳುತ್ತೀರಲ್ಲ, ನಾನು ಯಾವುದಕ್ಕೆ ಹಾಕಲಿ?’ ಒಬ್ಬಟ್ಟು ಬಡಿಸಿದೆ, ಉತ್ತರ ಕೊಡಲಿಲ್ಲ. ವೃತ್ತಿಯ ಚಾಳಿ ಮನೆಯಲ್ಲೂ ಬಿಡುವುದಿಲ್ಲ.

ಸಮೀಕ್ಷೆಗಳು ಸೋತು ಹೋದವಲ್ಲವೇ ಎಂದು ಕೆಣಕುವವರಿಗೆ ನಾನು ಹೇಳುವುದು ಮರುಭೇಟಿಯ ಬಗ್ಗೆ. ಮೊದಲ ಸಲವೇ ಬಾಗಿಲು ತೆರೆಯುವವರು ಒಂದು ಬಗೆ; ಸಂಜೆ, ಶನಿವಾರ, ಮತ್ತೊಂದು ವಾರ ಎಂದು ಅಲೆದ ಮೇಲೆ ಸಿಗುವವರು ಇನ್ನೊಂದು ಬಗೆ. 2015ರ ಸಾರ್ವತ್ರಿಕ ಚುನಾವಣೆಯಲ್ಲಿ ಸಮೀಕ್ಷೆಗಳು ಎಡವಿದಾಗ ಪ್ಯಾಟ್ರಿಕ್ ಸ್ಟರ್ಜಿಸ್ ನೇತೃತ್ವದ ವಿಚಾರಣಾ ಸಮಿತಿ ಬೆರಳಿಟ್ಟದ್ದು ಇಲ್ಲಿಗೇ: ಕೇಳಿದ ಜನರೇ ದೇಶದ ಸರಿಯಾದ ಮಾದರಿಯಾಗಿರಲಿಲ್ಲ. ಸುಲಭಕ್ಕೆ ಸಿಕ್ಕವರಲ್ಲಿ ಲೇಬರ್ ಒಲವು ಹೆಚ್ಚಿತ್ತು. 2016ರಲ್ಲೂ ತಿಂಗಳುಗಟ್ಟಲೆ ಫೋನ್ ಸಮೀಕ್ಷೆಗಳು ಉಳಿಯುವವರಿಗೆ ಮುನ್ನಡೆ ತೋರಿಸುತ್ತಿದ್ದವು, ಆನ್‌ಲೈನ್ ಸಮೀಕ್ಷೆಗಳು ಸಮಬಲ ತೋರಿಸುತ್ತಿದ್ದವು. ಒಂದೇ ದೇಶ, ಒಂದೇ ಪ್ರಶ್ನೆ. ಬಾಗಿಲು ಮಾತ್ರ ಬೇರೆ.

ಮತದಾನ ಮುಗಿದ ಮೇಲೆ ನಡೆದದ್ದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಅದೇ ಐದು ಸಾಲಿನ ಪ್ರಶ್ನೆಯನ್ನು 2016ರ ದ್ವಿತೀಯಾರ್ಧದಲ್ಲಿ ಕೇಳಿದಾಗ ಬಿಡಬೇಕು ಎಂದವರು ಶೇ 22ರಿಂದ ಶೇ 41ಕ್ಕೆ ಏರಿದ್ದರು. ಹಿಂದೆ ಎರಡನೇ ಸಾಲಿನಲ್ಲಿ ಹೆಬ್ಬೆರಳು ಇಡುತ್ತಿದ್ದವರು ಮತ ಹಾಕಿದ ಮೇಲೆ ಆ ಮತಕ್ಕೆ ತಕ್ಕ ಅಭಿಪ್ರಾಯವನ್ನೂ ತಮ್ಮದಾಗಿಸಿಕೊಂಡರು ಎಂದೇ ನಾನು ಅದನ್ನು ಓದುತ್ತೇನೆ. ಉಳಿಯುವವರು, ಬಿಡುವವರು ಎಂಬುದು ಪಕ್ಷನಿಷ್ಠೆಗಿಂತ ಗಟ್ಟಿಯಾದ ಗುರುತಾಯಿತು. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ಕಂಡಿದ್ದೇನೆ.

ಈಗ ಹೆಚ್ಚಾಗಿ ಕಾಣುವುದು ಯೂಗವ್ ಎಂಬ ಸಮೀಕ್ಷಾ ಸಂಸ್ಥೆಯ ಪ್ರಶ್ನೆ: ಹಿಂದಿರುಗಿ ನೋಡಿದರೆ ಬಿಡಲು ಮತ ಹಾಕಿದ್ದು ಸರಿಯೇ ತಪ್ಪೇ? 2025ರ ಜನವರಿಯಲ್ಲಿ ತಪ್ಪು ಎಂದವರು ಶೇ 55, ಸರಿ ಎಂದವರು ಶೇ 30. ಮನಸ್ಸು ಬದಲಿಸಿದವರು ಇದ್ದಾರೆ. 2016ರಲ್ಲಿ ಮತದ ವಯಸ್ಸಾಗದೆ ಇದ್ದ ಯುವಕರು ಸೇರಿದ್ದಾರೆ, ಆಗಿನ ಹಿರಿಯರಲ್ಲಿ ಹಲವರು ಇಲ್ಲ. ಆದರೆ ತಪ್ಪು ಎನ್ನುವುದು ಮರಳಿ ಸೇರೋಣ ಎನ್ನುವುದಕ್ಕೆ ಸಮವಲ್ಲ. ಸೇರಬೇಕಾದರೆ ಯುರೋ ನಾಣ್ಯವನ್ನೂ ಒಪ್ಪಬೇಕು ಎಂಬ ಷರತ್ತನ್ನು ಪ್ರಶ್ನೆಗೆ ಸೇರಿಸಿದ ಕೂಡಲೇ ಬೆಂಬಲ ಕುಸಿಯುತ್ತದೆ. ಇತ್ತೀಚೆಗೆ ಲಫ್‌ಬರೋದಲ್ಲಿ ಒಬ್ಬ ಪ್ಲಂಬರ್ ನನಗೆ ಹೇಳಿದ್ದು: ‘ವಾಪಸು ಹೋಗೋಣ, ಆದರೆ ಪೌಂಡ್ ನಮ್ಮದೇ ಇರಲಿ, ಕಾನೂನೂ ನಮ್ಮದೇ ಇರಲಿ.’ ಅವನ ಮುಂದಿದ್ದ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು. ಯಾವುದಕ್ಕೆ ಹತ್ತಿರ ಎಂದು ಕೇಳಿದೆ, ಸೇರಬೇಕು ಎಂಬುದಕ್ಕೆ ಗುರುತು ಹಾಕಿಸಿದ. ಷರತ್ತುಗಳನ್ನು ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಅವನ ಮಾತಿನಲ್ಲೇ ಟೈಪ್ ಮಾಡಿದೆ.